ಬಾಯೊಳಗಿನ ಕಾಳು

ಅವತ್ತು ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ಸಮುದ್ರದ ಕಡೆಯಿಂದ ಎದ್ದ ಮಂಜು ಮೇಲೆ ಏರಲಾರದೆ, ಮುಂದೆ ಸರಿಯಲಾರದೆ, ದಣಿದ ಎಮ್ಮೆಯ ಹಾಗೆ ನೆಲದ ಮೇಲೆ ಬಿದ್ದುಕೊಂಡಿತ್ತು. ಬಾಯಿ ಬಿಟ್ಟರೆ ನಾಲಗೆಗೆ ಉಪ್ಪು. ಉಸಿರೆಳೆದರೆ ಮೂಗಿಗೆ ಉಪ್ಪು. ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗಿಯೂ ಇರಲಿಲ್ಲ, ಒದ್ದೆಯೂ ಇರಲಿಲ್ಲ. ಅಂಟಂಟಾಗಿ ನೇತಾಡುತ್ತಿತ್ತು. ಸೂರ್ಯ ಹುಟ್ಟಿದ್ದಾನೆ ಎಂದು ನಂಬಬೇಕಷ್ಟೆ, ದೇವರಿದ್ದಾನೆ ಎಂದು ನಂಬುವ ಹಾಗೆ.

ಕಾವಡಿಯವಳು ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಒಡ್ಡಿನ ಮೇಲೆ ನಡೆಯುತ್ತಿದ್ದಳು. ಒಡ್ಡಿನ ಒಳಗೆ ಊರು. ಒಡ್ಡಿನ ಆಚೆ ಇವರು. ಸಮುದ್ರ ಉಬ್ಬಿದಾಗಲೆಲ್ಲ ಉಪ್ಪುನೀರು ಬಂದು ಇವರ ಗುಡಿಸಲುಗಳ ಹೊಸ್ತಿಲು ನೆಕ್ಕಿ ಹೋಗುತ್ತಿತ್ತು. ಊರಿನ ಬಾವಿಗೆ ಇವರ ಬಿಂದಿಗೆ ಇಳಿಯುವಂತಿರಲಿಲ್ಲ. ಅಂಗಡಿಯವನು ಇವರ ಕೈಗೆ ಸಾಮಾನು ಕೊಡುತ್ತಿರಲಿಲ್ಲ, ಕಟ್ಟೆಯ ಮೇಲಿಟ್ಟು ಮುಖ ತಿರುಗಿಸುತ್ತಿದ್ದ. ಒಡ್ಡಿನಾಚೆಯವರು ಎಂದರೆ ಸಾಕಿತ್ತು, ಹೆಸರು ಕೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

"ಏನೇ, ಹೆಣದ ಹಿಂದೆ ಬರೋರ ಹಾಗೆ ಬರ್ತಿದೀಯ. ಬಿರಬಿರನೆ ಕಾಲು ಹಾಕು," ಎಂದಳು ಅತ್ತೆ.

"ಮುಂದೆ ನೀವಿದೀರಲ್ಲ ಅತ್ತೆ. ನಿಮ್ಮನ್ನ ಹಾದು ಹೋಗೋಕೆ ನಾನೇನು ಬಸ್ಸಾ?"

ಮುದುಕಿ ನಕ್ಕಳು. ನಕ್ಕರೆ ಅವಳ ಬಾಯಲ್ಲಿ ಉಳಿದ ಹಲ್ಲುಗಳು ಕಾಣುತ್ತಿದ್ದವು. ಎದುರಿನ ಎರಡು, ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು. ಆ ಎರಡೇ ತನ್ನ ಆಸ್ತಿ ಎನ್ನುತ್ತಿದ್ದಳು.

ಗೇಟಿನಲ್ಲಿ ಸಾಲು ನಿಂತಿತ್ತು. ಒಳಗಿರುವುದು ಬೀಜದ ಕೇಂದ್ರ. ಬರಕ್ಕೂ ಸಾಯದ, ಉಪ್ಪಿಗೂ ಸಾಯದ ಭತ್ತವನ್ನು ಅಲ್ಲಿ ಮಾಡುತ್ತಿದ್ದರು. ಸುತ್ತಲೂ ಬಲೆ ಹೊದಿಸಿದ ಉದ್ದುದ್ದ ಬಲೆಮನೆಗಳು. ಒಂದು ಸಾಲಿಗೆ ನೀರೇ ಇಲ್ಲ. ಎಲೆ ಸುರುಳಿ ಸುತ್ತಿಕೊಂಡು ಗಿಡ ಸಾಯುವವರೆಗೂ ನೋಡುತ್ತ ನಿಲ್ಲುವುದು, ಸಾಯದಿದ್ದುದನ್ನು ಎತ್ತಿಕೊಳ್ಳುವುದು. ಇನ್ನೊಂದು ಸಾಲಿಗೆ ಉಪ್ಪುನೀರು. ಬೆಳಿಗ್ಗೆ ಹೊರಗಿನ ಬೀಜ ಒಳಗೆ ಬರಬಾರದೆಂದು ಕೂಲಿಯವರನ್ನು ಹುಡುಕುತ್ತಿದ್ದರು. ಸಂಜೆ ಒಳಗಿನ ಬೀಜ ಹೊರಗೆ ಹೋಗಬಾರದೆಂದು ಹುಡುಕುತ್ತಿದ್ದರು. ಸಂಜೆಯದು ಪರದೆಯ ಹಿಂದೆ. ಬಟ್ಟೆಯೊಳಗೆಲ್ಲ ಕೈ ಹೋಗುತ್ತಿತ್ತು. ಹೋದ ತಿಂಗಳು ಒಬ್ಬಳ ಜಡೆಯಲ್ಲಿ ಒಂದು ಕಾಳು ಸಿಕ್ಕಿತೆಂದು ಅಲ್ಲೇ ತಲೆ ಬೋಳಿಸಿ ಕಳಿಸಿದ್ದರು. ಅವಳು ಮೊರದಿಂದ ಮುಖ ಮುಚ್ಚಿಕೊಂಡು ಒಡ್ಡಿನ ಮೇಲೆ ಓಡಿದ್ದನ್ನು ಎಲ್ಲರೂ ನೋಡಿದ್ದರು. ಹೊಟ್ಟೆ ಕೇಳಬೇಕಲ್ಲ, ಮರುದಿನ ಅವಳೂ ಸಾಲಿಗೆ ಬಂದಿದ್ದಳು.

ಹೆಂಗಸರನ್ನು ಹುಡುಕುವ ಕೆಲಸ ಒಬ್ಬಳದು. ಅವಳು ಬೇರೆ ಯಾರೂ ಅಲ್ಲ. ಅತ್ತೆಯ ಮಗಳು, ಕಾವಡಿಯವಳ ನಾದಿನಿ.

"ಕೂದಲು ಬಿಚ್ಚು. ಉಗುರು ತೋರ್ಸು. ಬಾಯಿ ತೆಗಿ ಅವ್ವ," ಎಂದಳು ನಾದಿನಿ, ತಾಯಿಯ ಮುಖ ನೋಡದೆ.

"ತೆಗೀತೀನಿ ತಡಿಯೇ. ನಿನಗೆ ಗಂಜಿ ತಿನ್ನಿಸೋವಾಗ ನಾನೂ ಹೀಗೇ ಬಾಯಿ ತೆಗಿ, ಬಾಯಿ ತೆಗಿ ಅಂತ ಬೇಡ್ಕೊಳ್ತಿದ್ದೆ. ಮಹಾತಾಯಿ ತೆಗೀತಿರಲಿಲ್ಲ. ಈಗ ಸೇಡು ತೀರಿಸ್ಕೊಳ್ತಿದಾಳೆ ನೋಡ್ರೇ."

ಸಾಲು ಗೊಳ್ಳೆಂದು ನಕ್ಕಿತು.

"ಹಲ್ಲು ಎಣಿಸ್ಕೊ. ಸಂಜೆ ಕಮ್ಮಿ ಬಂದ್ರೆ ನೀನೇ ಹೊಣೆ," ಎಂದು ಮುದುಕಿ ಬಾಯಿ ಮುಚ್ಚಿದಳು. ಆಮೇಲೆ ದಿನಾ ಕೇಳುವುದನ್ನೇ ಕೇಳಿದಳು. "ನನ್ನ ಸೇರು ಯಾವಾಗ ವಾಪಸ್ಸು ಕೊಡ್ತಾರಂತೆ?"

"ಒಳಗೆ ನಡಿ ಅವ್ವ," ಎಂದಳು ನಾದಿನಿ ತಗ್ಗಿದ ದನಿಯಲ್ಲಿ.

ಆ ಸೇರಿನ ಕಥೆ ಹೇಳಬೇಕು. ಒಡ್ಡಿನಾಚೆಯ ಜೌಗು ನೆಲದಲ್ಲಿ ಇವರು ತಲೆಮಾರುಗಳಿಂದ ಒಂದು ಕಪ್ಪು ಭತ್ತ ಬೆಳೆಯುತ್ತಿದ್ದರು. ಉಪ್ಪು ನಿಂತ ನೆಲದಲ್ಲೂ ಅದು ತಲೆ ಎತ್ತುತ್ತಿತ್ತು. ಒಂದು ಮನೆಯಲ್ಲಿ ಬೀಜ ಕೆಟ್ಟರೆ ಇನ್ನೊಂದು ಮನೆಯಿಂದ ಒಂದು ಸೇರು ತರುವುದು, ಸುಗ್ಗಿಯಾದ ಮೇಲೆ ಸೇರು ತುಂಬಿಸಿ ಮೇಲೊಂದು ಹಿಡಿ ಕೊಸರು ಹಾಕಿ ಹಿಂತಿರುಗಿಸುವುದು. ಆ ಹಿಡಿ ಬಡ್ಡಿಯಲ್ಲ. ನೆಲಕ್ಕೆ ಮಾಡುವ ನಮಸ್ಕಾರ. ಕೊಸರು ಇಲ್ಲದೆ ಸೇರು ಕೊಟ್ಟವರು ಒಡ್ಡಿನಾಚೆ ಯಾರೂ ಇರಲಿಲ್ಲ.

ಕೇಂದ್ರ ಬಂದ ವರ್ಷ ಅಲ್ಲಿನ ಮೇಡಂ ಆ ಭತ್ತ ಹುಡುಕಿಕೊಂಡು ಬಂದರು. ಆಗ ನಾದಿನಿಯ ಗಂಡ ಅವಳನ್ನು ಬಿಟ್ಟು ಹೋಗಿ ಅವಳು ತವರಿನ ಮೂಲೆ ಸೇರಿದ್ದಳು. ಬೀಜ ತಂದುಕೊಟ್ಟರೆ ಕೆಲಸ ಕೊಡುತ್ತೇವೆ ಎಂದರು. ಅವಳು ತಾಯಿಯ ಮಡಕೆಯಿಂದ ಒಂದು ಸೇರು ಅಳೆದು, ಮರದ ಸೇರಿನ ಸಮೇತ ಒಯ್ದು ಕೊಟ್ಟಳು. "ಒಂದು ಬೆಳೆ ಆಗ್ಲಿ ಅಜ್ಜಿ, ಕೊಸರು ಸಮೇತ ಕೊಡ್ತೀವಿ," ಎಂದು ಮೇಡಂ ನಗುತ್ತ ಹೇಳಿದ್ದರು. ಮುದುಕಿ ಆ ಮಾತನ್ನು ಗಂಟು ಹಾಕಿಕೊಂಡಿದ್ದಳು.

ಮರುವರ್ಷ ಕೇಂದ್ರದವರು ತಮ್ಮ ಬಲೆಮನೆಗಳಿಗೆ ನೀರು ನುಗ್ಗಬಾರದೆಂದು ಹಳ್ಳಕ್ಕೆ ಅಡ್ಡ ಗೋಡೆ ಕಟ್ಟಿದರು. ಸಮುದ್ರ ಉಬ್ಬಿತು. ನೀರಿಗೆ ದಾರಿ ಬೇಕಲ್ಲ. ಅದು ಇವರ ಕಡೆ ತಿರುಗಿತು. ಗೋಡೆ ಒಡೆದು ನೀರು ಬಿಡಲು ಹೋದ ಕಾವಡಿಯವಳ ಗಂಡ ಕೆಸರಿನಲ್ಲಿ ಸಿಕ್ಕಿ ಸತ್ತ. ಮನೆಮನೆಯ ಬೀಜದ ಮಡಕೆಗಳು ತೇಲಿಹೋದವು. ಕಪ್ಪು ಭತ್ತ ಎಂಬುದು ಈಗ ಒಂದೇ ಕಡೆ ಉಳಿದಿತ್ತು. ಕೇಂದ್ರದ ತಣ್ಣನೆ ಕೋಣೆಯಲ್ಲಿ.

ಮುದುಕಿ ಕೇಳಲು ಹೋದಾಗ ಮೇಡಂ ಸಮಾಧಾನವಾಗಿಯೇ ಹೇಳಿದ್ದರು. "ನಿಮ್ಮ ಭತ್ತದಲ್ಲಿ ಉಪ್ಪು ತಡೆಯೋ ಗುಣ ಒಂದಿತ್ತು ಅಜ್ಜಿ. ಅದನ್ನ ತೆಗೆದು ಬೇರೆ ಭತ್ತದೊಳಗೆ ಹಾಕಿದೀವಿ. ನೀರಿಲ್ಲದೆ ಬದುಕೋ ಗುಣ ಇನ್ನೊಂದು ಗಿಡದಿಂದ ತಂದ್ವಿ. ಇದು ಹೊಸ ಭತ್ತ. ಲೋಕಕ್ಕೇ ಅನ್ನ ಹಾಕುತ್ತೆ."

"ಹಾಕಲಿ ತಾಯಿ, ಲೋಕ ಉಣ್ಣಲಿ. ನನ್ನ ಸೇರು ನನಗೆ ಕೊಡಿ. ಮಳೆ ಬಂದು ಉಪ್ಪು ತೊಳೆದ ಮೇಲೆ ಬಿತ್ತಬೇಕು. ಇನ್ನೊಂದು ವರ್ಷ ನೆಲ ಖಾಲಿ ಬಿದ್ರೆ ಊರವರು ಬೇಲಿ ಹಾಕ್ತಾರೆ."

"ಆ ಬೀಜ ಈಗ ಕೇಂದ್ರದ್ದು. ಯಾರಿಗೂ ಕೊಡೋ ಹಾಗಿಲ್ಲ."

ಅಷ್ಟೇ. ಆಮೇಲೆ ಮುದುಕಿಗೂ ಅಲ್ಲೇ ಕೂಲಿ ಸಿಕ್ಕಿತು. ಹೊಸ ಭತ್ತದ ತೆನೆಗಳಿಗೆ ಕಾಗದದ ಚೀಲ ಕಟ್ಟುವ ಕೆಲಸ. ಚೀಲ ಕಟ್ಟುವಾಗ ತೆನೆಯನ್ನು ಮೊಮ್ಮಗಳ ಗಲ್ಲದ ಹಾಗೆ ಹಿಡಿದು ನೋಡುತ್ತಿದ್ದಳು. "ನಮ್ಮ ಹುಡುಗೀನೇ ಇವಳು. ಬೇರೆ ಮನೆ ಬಟ್ಟೆ ತೊಡಿಸಿದಾರೆ ಅಷ್ಟೆ," ಎನ್ನುತ್ತಿದ್ದಳು. ಗಿಡದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗಿಡವೇನು ಮಾಡೀತು.

ಕಾವಡಿಯವಳ ಕೆಲಸ ಉಪ್ಪುನೀರು ಹೊರುವುದು. ಕೊಳವೆ ಹಾಕಿದರೆ ಉಪ್ಪು ಕಟ್ಟಿ ತುಕ್ಕು ಹಿಡಿಯುತ್ತಿತ್ತು. ಅದಕ್ಕೇ ಮನುಷ್ಯರು. ತೊಟ್ಟಿಯಲ್ಲಿ ಉಪ್ಪು ಕದಡಬೇಕು. ಬಿದಿರಿನ ಕಾವಡಿಗೆ ಎರಡು ತಗಡಿನ ಡಬ್ಬ ತೂಗುಹಾಕಬೇಕು. ಬಲೆಮನೆಯ ಕೊನೆಯವರೆಗೂ ಹೊರಬೇಕು. ಒಂದೊಂದು ಮಡಿಗೆ ಒಂದೊಂದು ಹದ. ಕೊನೆಯ ಮಡಿಯದು ಎಲ್ಲಕ್ಕಿಂತ ಕಡು ಉಪ್ಪು. ಅದರಲ್ಲಿ ಕೈ ಇಟ್ಟರೆ ಗಾಯವಿಲ್ಲದ ಕಡೆಯೂ ಗಾಯ ನೆನಪಾಗುತ್ತಿತ್ತು. ಅವಳ ಹೆಗಲಲ್ಲಿ ಎಮ್ಮೆಯ ಕತ್ತಿನ ಹಾಗೆ ಜಡ್ಡು ಕಟ್ಟಿತ್ತು. ಹಿಮ್ಮಡಿ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಆ ಬಿರುಕುಗಳಿಗೆ ಉಪ್ಪು ಇಳಿಯುತ್ತಿತ್ತು. ಸಂಜೆ ಕಾಲು ತೊಳೆಯಲು ಸಿಹಿನೀರಿರಲಿಲ್ಲ. ಸಿಹಿನೀರಿನ ನಲ್ಲಿ ಇದ್ದದ್ದು ಆಫೀಸಿನ ಅಂಗಳದಲ್ಲಿ. ಒಡ್ಡಿನಾಚೆಯವರು ಅಂಗಳಕ್ಕೆ ಕಾಲಿಡುವಂತಿರಲಿಲ್ಲ.

ಅವತ್ತು ಹೊಸ ಭತ್ತದ ಕೊಯ್ಲು. ಹೆಂಗಸರ ಕೈಗೆ ಕುಡುಗೋಲು ಕೊಟ್ಟರು. ಮೇಲ್ವಿಚಾರಕ ಕತ್ತಿಗೆ ಸೀಟಿ ನೇತುಹಾಕಿಕೊಂಡು ನಿಂತ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೂ ಸೀಟಿ ಎಂದೇ. ಮಾತಾಡಬೇಕಾದ ಕಡೆಯೂ ಊದುವವನು. ಅವನಿಗಿಂತ ಮುಂಚೆ ಇದ್ದವನು ಒಂದು ತೆನೆ ಕಳೆದು ಕೆಲಸ ಕಳೆದುಕೊಂಡಿದ್ದ. ಆ ಭಯ ಇವನ ಕಣ್ಣಲ್ಲಿ ಸದಾ ಕೆಂಪಗಿರುತ್ತಿತ್ತು.

"ಒಂದು ಕಾಳು ನೆಲಕ್ಕೆ ಬೀಳಬಾರದು. ಒಂದು ಕಾಳು ಗೇಟು ದಾಟಬಾರದು. ಕೇಳಿಸ್ತಾ?"

"ಕೇಳಿಸ್ತಪ್ಪ. ಇರುವೆಗಳಿಗೂ ಹೇಳಿದ್ಯಾ?" ಎಂದಳು ಅತ್ತೆ. ಹೆಂಗಸರು ತಲೆವಸ್ತ್ರದೊಳಗೆ ನಕ್ಕರು.

ಕೊಯ್ದ ತೆನೆ ಇಡಲು ತಣ್ಣನೆ ಕೋಣೆ ಗುಡಿಸಬೇಕಿತ್ತು. ಸೀಟಿ ಎಂದಿನಂತೆ ಅದಕ್ಕೆ ನಾದಿನಿಯನ್ನೇ ಕಳಿಸಿದ. ಕಾವಡಿಯವಳು ಡಬ್ಬ ತುಂಬಿಸಿಕೊಂಡು ಬರುವ ಹೊತ್ತಿಗೆ ಅವಳು ಪೊರಕೆ ಹಿಡಿದು ಹೊರಗೆ ಬರುತ್ತಿದ್ದಳು.

"ಗಂಜಿ ಕುಡಿದ್ಯಾ?" ಎಂದು ಕಾವಡಿಯವಳು ಕೇಳಿದಳು.

ನಾದಿನಿ ತಲೆ ಆಡಿಸಿದಳು. ತುಟಿ ಬಿಚ್ಚಲಿಲ್ಲ. ಗೇಟಿನ ಕೆಲಸ ಸಿಕ್ಕ ಮೇಲೆ ಅತ್ತಿಗೆಯ ಜೊತೆ ಮಾತಾಡುವುದೂ ಭಾರವಾಯಿತೇನೋ ಎಂದುಕೊಂಡು ಕಾವಡಿಯವಳು ಮುಂದೆ ನಡೆದಳು.

ಅಷ್ಟರಲ್ಲಿ ಸೀಟಿ ಕೇಳಿತು. ಒಂದೇ ಸಮನೆ, ಹಂದಿ ಕಿರುಚಿದ ಹಾಗೆ.

ಆದದ್ದು ಇಷ್ಟು. ಹುಟ್ಟಿದಾಗಿಂದ ಭತ್ತ ಕೊಯ್ದವಳು ಅತ್ತೆ. ಕುಡುಗೋಲು ಹಾಕುವ ಮುಂಚೆ ಒಂದು ಕಾಳು ಕಿತ್ತು ಎದುರಿನ ಹಲ್ಲಿಗಿಟ್ಟು ಕಚ್ಚುವುದು ಅವಳ ಕೈಗೂ ಬಾಯಿಗೂ ಅಂಟಿದ ರೂಢಿ. ಕಟ್ ಎಂದರೆ ಬಲಿತಿದೆ. ಮೆತ್ತಗಾದರೆ ಬಿಡಬೇಕು. ಅದು ಕಳ್ಳತನ ಎಂದು ಅವಳ ತಲೆಗೆ ಹೇಳಿದ್ದರು. ಹಲ್ಲಿಗೆ ಯಾರೂ ಹೇಳಿರಲಿಲ್ಲ.

"ಉಗಿ!"

"ಅಯ್ಯೋ, ಬಲಿತಿದೆಯಾ ಅಂತ ಕಚ್ಚಿ ನೋಡಿದೆ ಕಣಪ್ಪ. ಮರೆತು ಮಾಡಿದೆ."

"ಕಾಳೆಲ್ಲಿ?"

ಮುದುಕಿ ಗಂಟಲು ಮುಟ್ಟಿ ತೋರಿಸಿದಳು. ಹೆದರಿಕೆಗೆ ನುಂಗಿಬಿಟ್ಟಿದ್ದಳು.

"ಕದ್ದು ಹೊಟ್ಟೇಲಿ ಇಟ್ಕೊಂಡಿದೀಯಾ? ನಾಳೆ ಬೆಳಿಗ್ಗೆ ಒಡ್ಡಿನ ಆಚೆ ಕೂತು ಹೊರಗೆ ಹಾಕ್ತೀಯಾ?"

"ಕಚ್ಚಿದ ಕಾಳು ಮೊಳೆಯುತ್ತಾ ಸಾರ್?" ಎಂದು ಪಕ್ಕದ ಹೆಂಗಸು ಕೇಳಿದಳು. ಕೇಳಿ ಮುಗಿಸುವ ಮುಂಚೆ ಅವಳ ಕೆನ್ನೆಗೆ ಏಟು ಬಿತ್ತು. ಅವಳು ಕೊಯ್ದ ಕೂಳೆಯ ಮೇಲೆ ಬಿದ್ದಳು.

ಸೀಟಿ ಮುದುಕಿಯ ರೆಟ್ಟೆ ಹಿಡಿದು ಬಲೆಮನೆಯಿಂದ ಎಳೆದುಕೊಂಡು ಬಂದ. ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿದ. ಬಾಯೊಳಗೆ ಎರಡು ಬೆರಳು ತುರುಕಿದ. ಮುದುಕಿ ಓಕರಿಸಿದಳು. ಏನೂ ಬರಲಿಲ್ಲ. ಅವನ ಕಣ್ಣು ಕಾವಡಿಯವಳ ಡಬ್ಬದ ಮೇಲೆ ಬಿತ್ತು. ಕೊನೆಯ ಮಡಿಯ ನೀರು.

"ಆ ಡಬ್ಬ ತಾ."

ಕಾವಡಿಯವಳಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಅವಳು ಡಬ್ಬಗಳನ್ನು ನೆಲಕ್ಕೆ ಚೆಲ್ಲಲು ನೋಡಿದಳು. ಇಬ್ಬರು ಕಾವಲಿನವರು ಹಿಂದಿನಿಂದ ಅವಳ ತೋಳು ತಿರುಚಿದರು. ಒಂದು ಡಬ್ಬ ಉರುಳಿತು. ಇನ್ನೊಂದು ಉಳಿಯಿತು.

"ಗೇಟಿನವಳೇ, ಬಾ ಇಲ್ಲಿ. ಇವಳ ದವಡೆ ಹಿಡಿ. ತಾಯಿ ಅಂತ ಕೈ ಸಡಿಲ ಬಿಟ್ರೆ ನಿನಗೂ ಇದೇ ನೀರು."

ನಾದಿನಿ ಬಂದಳು. ಪೊರಕೆ ಕೆಳಗಿಟ್ಟಳು. ತಾಯಿಯ ತಲೆಯನ್ನು ತನ್ನ ಮಡಿಲಿಗೆ ಒರಗಿಸಿಕೊಂಡಳು. ದವಡೆ ಹಿಡಿದಳು. ಅವಳ ಮುಖ ಬಿಗಿದ ಮೂಟೆಯಂತಿತ್ತು.

"ಏನಾದ್ರೂ ಹೇಳೇ!" ಎಂದು ಕಾವಡಿಯವಳು ಕಿರುಚಿದಳು. "ನಿನ್ನ ಹೆತ್ತವಳು ಅವಳು! ಬೇಡ ಅನ್ನೇ! ಕಾಲಿಗೆ ಬೀಳೇ! ಬಾಯಿಲ್ವೇನೇ ನಿನಗೆ?"

ನಾದಿನಿ ಹೇಳಲಿಲ್ಲ.

ಸೀಟಿ ಡಬ್ಬ ಎತ್ತಿ ಸುರಿದ. ನೀರು ಬಾಯಿಗೆ ಹೋಯಿತು, ಮೂಗಿಗೆ ಹೋಯಿತು, ಕಣ್ಣಿಗೆ ಹೋಯಿತು. ಮುದುಕಿಯ ಕಾಲು ಸಿಮೆಂಟಿನ ಮೇಲೆ ಬಡಿದವು. ಒದ್ದಾಡುತ್ತ ಅವಳ ಒಂದು ಕೈ ಮೇಲೆದ್ದು ಮಗಳ ಕೆನ್ನೆಗೆ ತಾಗಿತು. ಅಲ್ಲೇ ನಿಂತಿತು. ಕೆನ್ನೆಯ ಮೇಲೆ ಬೆರಳಾಡಿಸಿತು, ಕುರುಡರು ಮುಖ ಓದುವ ಹಾಗೆ. ಆಮೇಲೆ ಕೈ ಇಳಿಯಿತು. ಕಾಲೂ ನಿಂತವು. ಮುದುಕಿ ತಾನಾಗಿಯೇ ಬಾಯಿ ತೆರೆದು ಕುಡಿಯತೊಡಗಿದಳು. ಕಾವಡಿಯವಳು ಅದನ್ನು ಕಂಡಳು. ಸೋತುಹೋದಳು ಅತ್ತೆ ಎಂದುಕೊಂಡಳು.

ವಾಂತಿಯಾಯಿತು. ಸೀಟಿ ಕಡ್ಡಿಯಿಂದ ಕೆದಕಿ ನೋಡಿದ. ಬೆಳಗಿನ ಗಂಜಿ. ಕಾಳಿಲ್ಲ. ಮತ್ತೆ ಸುರಿದ. ನೀರು ಬಂತು. ಮತ್ತೆ ಸುರಿದ. ಈ ಸಲ ಕೆಂಪಗೆ ಬಂತು. ಎದುರಿನ ಎರಡು ಹಲ್ಲಿನಲ್ಲಿ ಒಂದು ಡಬ್ಬದ ಅಂಚಿಗೆ ತಗುಲಿ ಮುರಿದು ಕೆಂಪಿನಲ್ಲಿ ಬಿದ್ದಿತ್ತು.

ಹಲ್ಲಿನ ಪಕ್ಕದಲ್ಲಿ ಕಾಳು ಸಿಕ್ಕಿತು. ಅವನು ಅದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಒಂದು ಕಾಗದದ ಚೀಲಕ್ಕೆ ಹಾಕಿಕೊಂಡ. ಹಲ್ಲನ್ನು ಬಿಟ್ಟ.

"ನೀರು," ಎಂದಳು ಮುದುಕಿ. "ಒಂದು ಗುಟುಕು. ಸಿಹಿದು."

ಕಾವಲಿನವರ ಹಿಡಿತ ಸಡಿಲವಾಗಿತ್ತು. ಕಾವಡಿಯವಳು ಕಿತ್ತುಕೊಂಡು ಓಡಿದಳು. ಡಬ್ಬ ಹಿಡಿದು ಆಫೀಸಿನ ಅಂಗಳಕ್ಕೆ ನುಗ್ಗಿದಳು. ನಲ್ಲಿ ತಿರುಗಿಸಿದಳು. ನಲ್ಲಿಯ ಪಕ್ಕ ಕೂತಿದ್ದ ಆಫೀಸಿನ ಜವಾನ ಎದ್ದು ಡಬ್ಬಕ್ಕೆ ಒದ್ದ.

"ನಿಮ್ಮ ಡಬ್ಬ ಇದಕ್ಕೆ ಮುಟ್ಟಿಸ್ತೀಯಾ?"

"ಸಾಯ್ತಿದಾಳೆ ಅಣ್ಣ. ಒಂದು ಗುಟುಕು. ನೀವೇ ಮೇಲಿಂದ ಹಾಕಿ. ನಾನು ಮುಟ್ಟಲ್ಲ."

"ಆಚೆ ಹೋಗು."

ಅವಳು ಅವನ ಕಾಲು ಹಿಡಿದಳು. ಅವನು ಕಾಲು ಕೊಡವಿದ. ಅವಳು ಕಾಲು ಬಿಟ್ಟಳು. ಎದ್ದು ನಲ್ಲಿಗೆ ಬಾಯಿ ಹಾಕಿದಳು. ಬಾಯಿ ತುಂಬ ನೀರು ತುಂಬಿಕೊಂಡಳು. ಕೆನ್ನೆ ಉಬ್ಬಿಸಿಕೊಂಡು, ತುಟಿ ಬಿಗಿದುಕೊಂಡು ಓಡಿದಳು. ದೇವರಿಗೆ ತೀರ್ಥ ಹೊತ್ತವರು ಓಡುವ ಹಾಗೆ, ಒಂದು ಹನಿ ಚೆಲ್ಲದೆ ಓಡಿದಳು. ಅಂಗಳದ ಬಾಗಿಲಲ್ಲಿ ಕಾವಲಿನವನ ಲಾಠಿ ಎದುರಿನಿಂದ ಬಂದು ಅವಳ ಬಾಯಿಗೇ ಬಿತ್ತು. ನೀರು ಹೋಯಿತು. ಹಲ್ಲು ಹೋದವು. ಅವಳು ಮೊಣಕಾಲೂರಿ ನೆಲದಲ್ಲಿ ಇಂಗುತ್ತಿರುವ ನೀರನ್ನು ಬೊಗಸೆಯಲ್ಲಿ ಬಳಿದಳು. ಮಣ್ಣು ಬಂತು.

ಎದ್ದು ಕಟ್ಟೆಯ ಹತ್ತಿರ ಹೋದಾಗ ಅತ್ತೆಗೆ ನೀರು ಬೇಡವಾಗಿತ್ತು. ಕಣ್ಣು ತೆರೆದೇ ಇದ್ದವು. ರೆಪ್ಪೆಯ ಮೇಲೆ ಉಪ್ಪು ಒಣಗಿ ಬೆಳ್ಳಗೆ ಕಟ್ಟಿತ್ತು. ನಾದಿನಿಯ ಮಡಿಲಲ್ಲಿ ತಲೆ ಹಾಗೇ ಇತ್ತು. ನಾದಿನಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ಬಾಯಿಂದ ಒಂದು ಅಯ್ಯೋ ಇಲ್ಲ. ತಾಯಿ ಸತ್ತರೆ ಅವ್ವಾ ಎನ್ನದ ಮಗಳನ್ನು ಒಡ್ಡಿನಾಚೆಯ ಹೆಂಗಸರು ಅವತ್ತೇ ಮೊದಲು ಕಂಡರು.

"ಬಿಸಿಲಿಗೆ ತಲೆ ತಿರುಗಿ ಬಿದ್ಲು. ಎಲ್ಲರೂ ನೋಡಿದೀರಿ," ಎಂದ ಸೀಟಿ. ಸೀಟಿ ಊದಿದ. "ಕೆಲಸಕ್ಕೆ ನಡೀರಿ. ಕತ್ತಲಾಗೋದ್ರೊಳಗೆ ಕೊಯ್ಲು ಮುಗೀಬೇಕು."

ಮಂಜು ಇನ್ನೂ ನೆಲದ ಮೇಲೆ ಬಿದ್ದಿತ್ತು. ಬಿಸಿಲು ಎಲ್ಲಿಯೂ ಇರಲಿಲ್ಲ.

ಕಾವಡಿಯವಳು ಎದ್ದಳು. ಬಲೆಮನೆಯೊಳಗೆ ಹೋದಳು. ಎಲ್ಲರೂ ಅವಳು ಕೆಲಸಕ್ಕೆ ಹೋದಳೆಂದುಕೊಂಡರು. ಅವಳು ಕೊನೆಯ ಮಡಿಯ ಮುಂದೆ ನಿಂತಳು. ತಾನೇ ಉಪ್ಪುನೀರು ಹೊತ್ತು ಬೆಳೆಸಿದ ಮಡಿ. ಒಂದು ತೆನೆಯ ಚೀಲ ಹರಿದಳು. ತೆನೆ ಮುರಿದಳು. ಇಡೀ ತೆನೆಯನ್ನು ರಕ್ತ ಸುರಿಯುತ್ತಿರುವ ಬಾಯಿಗೆ ತುರುಕಿಕೊಂಡಳು. ಕಚ್ಚಲು ಎದುರಿನ ಹಲ್ಲಿರಲಿಲ್ಲ. ದವಡೆಯಿಂದ ಅಗಿದಳು. ಹೊಟ್ಟು ಒಸಡಿಗೆ ಚುಚ್ಚಿತು. ಅಗಿಯುತ್ತಲೇ ಹೊರಗೆ ಬಂದು ಸೀಟಿಯ ಎದುರು ನಿಂತು ಬಾಯಿ ತೆರೆದಳು.

"ಹುಡುಕು," ಎಂದಳು. "ಈಗ ನನ್ನ ಬಾಯಲ್ಲಿ ಹುಡುಕು."

ಆಮೇಲೆ ಕೂಳೆಯ ಮೇಲೆ ಬಿದ್ದಿದ್ದ ಹೆಂಗಸು ಎದ್ದು ಒಂದು ತೆನೆ ಮುರಿದಳು. ಬಾಯಿಗೆ ಹಾಕಿಕೊಂಡಳು. ಬೋಳು ತಲೆಯವಳು ಒಂದು ಮುರಿದಳು. ಇನ್ನೊಬ್ಬಳು. ಮತ್ತೊಬ್ಬಳು. ಬಲೆಮನೆಯ ತುಂಬ ಕಟ್ ಕಟ್ ಎಂಬ ಸದ್ದು. ಬಲಿತ ಭತ್ತ ಹಲ್ಲಿನ ನಡುವೆ ಒಡೆಯುವ ಸದ್ದು. ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮುಂದೆ ಬಾಯಿ ತೆರೆದು ನಿಂತರು.

"ನುಂಗಬೇಡಿ! ಉಗೀರಿ! ಉಗೀರಿ ಅಂದೆ!"

ಅವನು ಸೀಟಿ ಊದಿದ. ಹೆಂಗಸರು ನುಂಗಿದರು.

ಲಾಠಿಗಳು ಬಂದವು. ಬೆನ್ನು, ಮೊಣಕೈ, ಎದೆ, ಸಿಕ್ಕ ಸಿಕ್ಕ ಕಡೆ. ಎಲುಬು ಮುರಿದ ಸದ್ದು ಹಸಿ ಕಟ್ಟಿಗೆ ಮುರಿದ ಹಾಗೆ ಕೇಳಿತು. ಬೋಳು ತಲೆಯವಳ ತಲೆ ಒಡೆದು ರಕ್ತ ಕಿವಿಯವರೆಗೂ ಇಳಿಯಿತು. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿ ಕುಡುಗೋಲು ಇದ್ದವರು ಬಲೆಗೆ ಬೀಸಿದರು. ಬಲೆ ಹರಿದು ಸತ್ತ ಹಕ್ಕಿಯ ರೆಕ್ಕೆಯ ಹಾಗೆ ಜೋತುಬಿತ್ತು. ಉಪ್ಪಿನ ತೊಟ್ಟಿಯ ಮೇಲೆ ಕಲ್ಲು ಬಿತ್ತು. ಉಪ್ಪುನೀರು ಆಫೀಸಿನ ಅಂಗಳಕ್ಕೆ, ಸಿಹಿನೀರಿನ ನಲ್ಲಿಯ ಬುಡಕ್ಕೆ ಹರಿಯಿತು.

ಸೀಟಿ ಕಾವಡಿಯವಳ ಕೂದಲು ಹಿಡಿದು ಮತ್ತೆ ಅದೇ ಕಟ್ಟೆಗೆ ಎಳೆದ. ಅವಳ ಕೈಗೆ ಕಾವಡಿಯ ಬಿದಿರು ಸಿಕ್ಕಿತು. ವರ್ಷಗಳ ಬೆವರು ಕುಡಿದು ಕಬ್ಬಿಣವಾದ ಬಿದಿರು. ಅದು ಅವಳ ಹೆಗಲಿನ ತೂಕವನ್ನೆಲ್ಲ ನೆನಪಿಟ್ಟುಕೊಂಡಿತ್ತು. ಅವನು ಊದಲು ಸೀಟಿಯನ್ನು ತುಟಿಗಿಟ್ಟಿದ್ದ. ಅವಳು ಅಲ್ಲಿಗೇ ಬೀಸಿದಳು. ಸೀಟಿ ಚೂರಾಗಿ ಅವನ ತುಟಿಯೊಳಗೆ ಹೊಕ್ಕಿತು. ಅವನು ಬಾಯಿ ಹಿಡಿದುಕೊಂಡು ಕೂತ. ಬೆರಳ ಸಂದಿನಿಂದ ಕೆಂಪು ಇಳಿಯಿತು. ಅವಳು ಇನ್ನೊಂದು ಹಾಕಿದಳು. ಅವನ ಕೈ ಮುರಿಯಿತು. ಮೂರನೆಯದನ್ನು ಎತ್ತಿದಳು. ಹಾಕಲಿಲ್ಲ. ಹಿಂದಿನಿಂದ ಅವಳ ತಲೆಗೆ ಲಾಠಿ ಬಿತ್ತು.

ಬೀಳುವಾಗ ಅವಳಿಗೆ ಮೇಡಂ ಓಡಿ ಬರುವುದು ಕಂಡಿತು. ಮೇಡಂ ಹೆಣದ ಪಕ್ಕದಲ್ಲೇ ನಿಂತರು. ಮುಖ ಬಿಳಿಚಿತ್ತು. "ಎಷ್ಟು ತೆನೆ ಹೋಯ್ತು?" ಎಂದು ಕೇಳಿದರು.

ಪೊಲೀಸರು ಬಂದರು. ಮುದುಕಿ ಬಿಸಿಲಿಗೆ ಸತ್ತಳು, ಸೊಸೆ ಮೇಲ್ವಿಚಾರಕನನ್ನು ಕೊಲ್ಲಲು ಹೋದಳು ಎಂದಾಯಿತು. ಕಾವಡಿಯವಳನ್ನು ಒಯ್ದರು. ಅಂಗಾಲಿಗೆ ಹೊಡೆದರು. ಒಡೆದ ಹಿಮ್ಮಡಿ ಇನ್ನಷ್ಟು ಒಡೆಯಿತು. ಯಾರು ಎತ್ತಿಕಟ್ಟಿದ್ದು ಎಂದು ಕೇಳಿದರು. "ಉಪ್ಪು," ಎಂದಳು. ಮತ್ತೆ ಹೊಡೆದರು. ಕೊನೆಗೆ ವಿಚಾರಣೆಗೆ ಕರೆದಾಗ ಬರಬೇಕೆಂದು ಬಿಟ್ಟರು. ಅವಳು ತೆವಳಿಕೊಂಡು ಒಡ್ಡು ಹತ್ತಿದಳು. ಅತ್ತೆಯನ್ನು ಅಷ್ಟರಲ್ಲಿ ಜೌಗು ನೆಲದ ಅಂಚಿನಲ್ಲಿ ಮಣ್ಣು ಮಾಡಿದ್ದರು. ಅವಳು ಆ ಮಣ್ಣಿನ ಮೇಲೆ ಕೆನ್ನೆ ಇಟ್ಟು ಮಲಗಿದಳು.

ಮೊದಲ ಮಳೆ ಬಂತು. ನೆಲದ ಉಪ್ಪನ್ನು ತೊಳೆಯತೊಡಗಿತು. ಬಿತ್ತಲು ಬೀಜವಿರಲಿಲ್ಲ. ಊರಿನವರು ಒಡ್ಡಿನ ಮೇಲೆ ನಿಂತು ಖಾಲಿ ನೆಲದ ಕಡೆ ಕೈ ತೋರಿಸಿ ಮಾತಾಡಿಕೊಂಡು ಹೋದರು. ಬೇಲಿಯ ಗೂಟಗಳನ್ನು ತಂದು ರಾಶಿ ಹಾಕಿದರು.

ನಾದಿನಿ ಗೇಟಿನ ಕೆಲಸಕ್ಕೆ ಹೋಗುತ್ತಲೇ ಇದ್ದಳು. ಕೆಲಸದ ಜೊತೆ ಕೊಟ್ಟಿದ್ದ, ಕೇಂದ್ರದ ಗೋಡೆಗೆ ಅಂಟಿದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಒಡ್ಡಿನ ಮೇಲೆ ಕಂಡರೆ ಹೆಂಗಸರು ಉಗಿಯುತ್ತಿದ್ದರು. ಒಬ್ಬಳು ಕೆಸರು ಎಸೆದಳು. ಹೆತ್ತವಳ ದವಡೆ ಹಿಡಿದವಳು ಎಂದರು. ಅವಳು ಕೆಸರು ಒರೆಸಿಕೊಂಡು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ, ಮಳೆ ನಿಂತು ನೆಲ ಹೊಗೆಯಾಡುತ್ತಿದ್ದಾಗ, ಅವಳು ಗುಡಿಸಲ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು.

"ಅತ್ತಿಗೆ."

ಕಾವಡಿಯವಳು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಾವಡಿಯ ಬಿದಿರಿನ ತುಂಡು ಇತ್ತು. ಅವಳ ಕೈ ಅದರ ಮೇಲೆ ಹೋಯಿತು.

"ಹೊಡಿ. ಆಮೇಲೆ ಹೊಡಿ. ಮೊದಲು ಇದನ್ನ ತಗೋ," ಎಂದು ನಾದಿನಿ ಹೊಸ್ತಿಲ ಹೊರಗೇ ಕೂತು ಬಟ್ಟೆ ಬಿಚ್ಚಿದಳು.

ಅತ್ತೆಯ ಮರದ ಸೇರು. ಅಂಚು ಸವೆದ, ಒಂದು ಕಡೆ ಸೀಳು ಬಿಟ್ಟ ಸೇರು. ತುಂಬ ಕಪ್ಪು ಭತ್ತ.

ಕಾವಡಿಯವಳು ಸೇರಿನ ಕಡೆ ಬಾಗಿದಳು. "ಎಲ್ಲಿಂದ ತಂದೆ?" ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬಂತು.

"ತಣ್ಣನೆ ಕೋಣೆಯಿಂದ. ಗುಡಿಸೋಕೆ ಕಳಿಸಿದಾಗೆಲ್ಲ ಒಂದಿಷ್ಟು ಕಾಳು. ಸೇರು ಅಲ್ಲೇ ಮೂಲೇಲಿ ಕಸ ತುಂಬೋಕೆ ಇಟ್ಟಿದ್ರು, ಅದನ್ನ ಕಸದ ಜೊತೆ ತಂದೆ."

"ಗೇಟಲ್ಲಿ?"

"ಎಲ್ಲರನ್ನೂ ಹುಡುಕೋಳು ನಾನು. ನನ್ನ ಯಾರು ಹುಡುಕ್ತಾರೆ? ಆದ್ರೂ ಸೀಟಿ ಕೆಲವು ಸಲ ಜೇಬು ನೋಡ್ತಿದ್ದ, ಕೂದಲು ನೋಡ್ತಿದ್ದ. ಅದಕ್ಕೆ ಬಾಯಲ್ಲಿ ಇಟ್ಕೊಳ್ತಿದ್ದೆ. ನನ್ನ ಕೋಣೆಗೆ ಹೋಗಿ ಒರೆಸಿ, ಒಣಗಿಸಿ ಇಡ್ತಿದ್ದೆ. ಅವ್ವ ಬಿತ್ತೋದ್ರೊಳಗೆ ಸೇರು ತುಂಬಿಸಿ ಮುಂದೆ ಇಡಬೇಕು ಅಂತಿದ್ದೆ. ನಾನೇ ಒಯ್ದು ಕೊಟ್ಟಿದ್ದಲ್ವಾ."

ಕಾವಡಿಯವಳ ಕೈ ಬಿದಿರಿನಿಂದ ಜಾರಿತು.

"ಅವತ್ತೂ?"

"ಅವತ್ತೂ."

ಹೊರಗೆ ಎಲೆಯಿಂದ ಹನಿ ಬೀಳುತ್ತಿದ್ದವು. ನಾದಿನಿ ನೆಲ ನೋಡುತ್ತ ಹೇಳಿದಳು. "ಬಾಯಿ ಬಿಟ್ಟಿದ್ರೆ ಕಾಳು ಬೀಳ್ತಿತ್ತು. ಕೋಣೇಲಿ ಕೂಡಿಟ್ಟಿದ್ದೂ ಹೋಗ್ತಿತ್ತು. ಇಷ್ಟೇ ಸುರಿದು ಬಿಡ್ತಾನೆ, ಅವ್ವ ತಡ್ಕೊಳ್ತಾಳೆ ಅಂದ್ಕೊಂಡೆ. ಅಂದ್ಕೊಂಡೆ ಅತ್ತಿಗೆ. ಅವ್ವಾ ಅಂತ ಕೂಗೋಕೂ ಆಗಲಿಲ್ಲ. ಅವಳ ಕಣ್ಣಿಗೆ ನಾನು ಏನಾಗಿ ಕಂಡ್ನೋ. ಅದೊಂದು ಗೊತ್ತಿಲ್ಲ ನನಗೆ."

ಸಿಮೆಂಟಿನ ಕಟ್ಟೆ, ಮೇಲೆದ್ದ ಕೈ, ಕೆನ್ನೆಯ ಮೇಲೆ ಆಡಿದ ಬೆರಳು, ಆಮೇಲೆ ನಿಂತುಹೋದ ಕಾಲು ಕಾವಡಿಯವಳ ಕಣ್ಣ ಮುಂದೆ ಬಂದವು. ಹೇಳಬೇಕೋ ಬೇಡವೋ ಎಂದು ತೂಗಿ ನೋಡಿದಳು. ಹೇಳದೆ ಇಟ್ಟುಕೊಂಡರೆ ಅದೂ ಸಾಲವೇ.

"ಅವಳಿಗೆ ಗೊತ್ತಾಯ್ತು," ಎಂದಳು. "ನಿನ್ನ ಕೆನ್ನೆ ಮುಟ್ಟಿ ನೋಡಿದ್ಲು. ಒಳಗೆ ಕಾಳಿರೋದು ಕೈಗೆ ಸಿಕ್ತು. ಆಮೇಲೇನೇ ಒದ್ದಾಡೋದು ನಿಲ್ಲಿಸಿದ್ದು. ತಾನಾಗೇ ಬಾಯಿ ತೆಗೆದ್ಲು. ನಿನ್ನ ಕಡೆ ಅವನು ನೋಡಬಾರದು ಅಂತ."

ನಾದಿನಿಯ ಬಾಯಿ ತೆರೆಯಿತು. ಅವತ್ತು ಬರದಿದ್ದ ಕೂಗು ಇವತ್ತು ಬಂತು. ಅವ್ವಾ ಎಂಬ ಒಂದೇ ಕೂಗು. ಒಡ್ಡಿನಾಚೆಯ ಗುಡಿಸಲುಗಳಿಂದ ಹೆಂಗಸರು ಹೊರಗೆ ಬಂದು ನಿಂತರು. ಕೂಗು ಮುಗಿಯುವವರೆಗೂ ಯಾರೂ ಹತ್ತಿರ ಬರಲಿಲ್ಲ, ಯಾರೂ ಉಗಿಯಲೂ ಇಲ್ಲ.

ಕಾವಡಿಯವಳು ಅವಳನ್ನು ತಬ್ಬಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ತೆವಳಿಕೊಂಡು ಹೊಸ್ತಿಲಿಗೆ ಬಂದು ಅತ್ತೆಯ ಮೊರವನ್ನು ಎದುರಿಗಿಟ್ಟಳು.

ನಾದಿನಿ ಕಣ್ಣೊರೆಸಿಕೊಂಡಳು. ಸೇರನ್ನು ಮೊರದ ನಡುವೆ ಇಟ್ಟಳು. ಆಮೇಲೆ ತಲೆವಸ್ತ್ರದ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಅದರಲ್ಲಿ ಬೇರೆಯಾಗಿ ಕಟ್ಟಿಟ್ಟ ಒಂದು ಸಣ್ಣ ಹಿಡಿ ಕಾಳಿತ್ತು.

"ಇದು ಅವತ್ತಿನದು," ಎಂದಳು.

ಸೇರಿನ ಮೇಲೆ ಸುರಿದಳು. ನಿಧಾನವಾಗಿ, ಒಂದು ಕಾಳೂ ಕೆಳಗೆ ಬೀಳದ ಹಾಗೆ.